ಇಲ್ಲನ್ ಪೈಪ್ಸ್: ಕೆಳಗಿನ ಡಿ ಗರಗರ ಅನ್ನುತ್ತಿದೆ, ಹಿಂದಿನ ಡಿ ಇಳಿಯುತ್ತಿದೆ. ರೀಡ್ ಮುಟ್ಟಬೇಕೇ?

ಹೊಸಕೈ

ಎಲ್ಲರಿಗೂ ನಮಸ್ಕಾರ. ಇಲ್ಲನ್ ಪೈಪ್ಸ್ ಅಂದರೆ ಬಾಯಿಂದ ಊದದೆ ತಿದಿಯಿಂದ ಚೀಲಕ್ಕೆ ಗಾಳಿ ತುಂಬಿಸಿ ಬಾರಿಸುವ ಐರಿಷ್ ವಾದ್ಯ. ನನ್ನ ಹತ್ತಿರ ಇರುವುದು ಕಾನ್ಸರ್ಟ್ ಡಿ ಪ್ರ್ಯಾಕ್ಟೀಸ್ ಸೆಟ್. ಅಂದರೆ ಚೀಲ, ತಿದಿ, ಚಾಂಟರ್ (ಬೆರಳಿಟ್ಟು ಸ್ವರ ನುಡಿಸುವ ಕೊಳವೆ) ಅಷ್ಟೇ. ಒಂದೇ ಶ್ರುತಿ ಹಿಡಿದಿರುವ ಡ್ರೋನ್ ಕೊಳವೆ ಇಲ್ಲ, ಕೀಲಿ ಒತ್ತಿ ಜೊತೆಸ್ವರ ಕೊಡುವ ರೆಗ್ಯುಲೇಟರ್ ಇಲ್ಲ. ಊರು ಡಬ್ಲಿನ್. ಚಳಿಗಾಲ ಶುರುವಾದ ಮೇಲೆ ಮೂರು ತೊಂದರೆ ಕಾಣಿಸಿಕೊಂಡಿವೆ.

ಒಂದು, ಕೆಳಗಿನ ಡಿ ಹಿಡಿದು ನಿಲ್ಲಿಸಿದರೆ ಎರಡು ಮೂರು ಸೆಕೆಂಡಿಗೆ ಗರಗರ ಸದ್ದು ಬಂದು ಸ್ವರ ಒಡೆಯುತ್ತದೆ. ಎರಡು, ಹಿಂದಿನ ಡಿ (ಎಡಗೈ ಹೆಬ್ಬೆರಳು ಮಾತ್ರ ಎತ್ತಿದಾಗ ಬರುವುದು) ಚೀಲ ಒತ್ತಿದಷ್ಟೂ ಶ್ರುತಿ ಇಳಿಯುತ್ತದೆ; ಟ್ಯೂನರ್ ಮುಳ್ಳು 30 ಸೆಂಟ್‌ವರೆಗೆ (ನೂರು ಸೆಂಟ್ ಅಂದರೆ ಅರ್ಧ ಸ್ವರ) ಕೆಳಗೆ ಹೋಗುತ್ತದೆ. ಮೂರು, ತಾರಸ್ಥಾಯಿಯ ಇ ಹತ್ತುತ್ತದೆ, ಆದರೆ ನಿಲ್ಲುವುದಿಲ್ಲ, ಮಧ್ಯಸ್ಥಾಯಿಗೆ ಬಿದ್ದುಬಿಡುತ್ತದೆ.

ರೀಡಿನ (ಚಾಂಟರಿನ ಬಾಯಲ್ಲಿ ಕೂತು ಸದ್ದು ಹುಟ್ಟಿಸುವ ಜೊಂಡಿನ ಪೀಪಿ) ಬ್ರೈಡಲ್ ಪಟ್ಟಿ ಒತ್ತಿ ಸರಿಮಾಡಬಹುದು ಅಂತ ಓದಿದೆ. ಮಾಡಬಹುದೇ? ಇನ್ನೊಂದು ಪ್ರಶ್ನೆ: ಏಪ್ರಿಲ್‌ನಲ್ಲಿ ಎರಡು ತಿಂಗಳು ಮೈಸೂರಿಗೆ ಬರುತ್ತೇನೆ. ಸೆಟ್ ಜೊತೆಗೆ ತರುವುದು ಕ್ಷೇಮವೇ?

ತಿದಿಯೂರು

ದಯವಿಟ್ಟು ಸದ್ಯಕ್ಕೆ ರೀಡ್ ಮುಟ್ಟಬೇಡಿ. ಗಾಳಿ ಸೋರಿಕೆ ಇಲ್ಲ ಅಂತ ಖಾತ್ರಿಯಾಗುವ ತನಕ ರೀಡಿನ ಮೇಲೆ ಅನುಮಾನ ಪಡಲೇಬಾರದು. ಕಲಿಯುವವರ ಕೈಯಲ್ಲಿ ಹಾಳಾಗುವ ರೀಡುಗಳಲ್ಲಿ ಬಹುಪಾಲು ಸೋರುವ ಚೀಲದ ತಪ್ಪಿಗೆ ಶಿಕ್ಷೆ ಅನುಭವಿಸಿದವು.

ಪರೀಕ್ಷೆ ಈ ಕ್ರಮದಲ್ಲಿ ಮಾಡಿ.

ಚೀಲ: ಚಾಂಟರ್ ಕಳಚಿ, ಅದು ಕೂರುವ ಸ್ಟಾಕಿನ ಬಾಯಿಗೆ ರಬ್ಬರ್ ಬಿರಡೆ ಹಾಕಿ. ಮೇನ್ ಸ್ಟಾಕಿಗೆ (ಡ್ರೋನ್‌ಗಳು ಕೂರುವ ಜಾಗ) ತೂತಿದ್ದರೆ ಅದಕ್ಕೂ ಒಂದು. ತಿದಿಯಿಂದ ಚೀಲ ಬಿಗಿಯಾಗುವಷ್ಟು ತುಂಬಿಸಿ, ಬಾರಿಸುವಾಗ ಒತ್ತುವಷ್ಟೇ ಜೋರಿನಿಂದ ಮೊಣಕೈ ಒತ್ತಿಟ್ಟುಕೊಳ್ಳಿ. ಅರ್ಧ ನಿಮಿಷ ಕಳೆದರೂ ಕೈ ಒಳಗೆ ಕುಸಿಯಬಾರದು. ಕುಸಿದರೆ ಹೊಲಿಗೆಯುದ್ದಕ್ಕೂ, ಸ್ಟಾಕ್ ಕಟ್ಟಿದ ಜಾಗಗಳಲ್ಲೂ ಒದ್ದೆ ಕೆನ್ನೆ ಹಿಡಿದು ನೋಡಿ. ಕೆನ್ನೆಗೆ ಗೊತ್ತಾಗುವಷ್ಟು ಸಣ್ಣ ಗಾಳಿ ಬೆರಳಿಗೆ ಗೊತ್ತಾಗುವುದಿಲ್ಲ.

ತಿದಿ: ಗಾಳಿ ಹೊರಗೆ ಹೋಗುವ ನಳಿಗೆಯ ಬಾಯಿಗೆ ಹೆಬ್ಬೆರಳು ಒತ್ತಿ ತಿದಿ ಮುಚ್ಚಲು ನೋಡಿ. ಮುಚ್ಚಿಕೊಂಡರೆ ಗಾಳಿ ಒಳಗೆ ಬರುವ ಕಡೆಯ ವಾಲ್ವ್ ಸೋರುತ್ತಿದೆ, ಇಲ್ಲವೇ ಚರ್ಮದ ಅಂಚಿನಲ್ಲಿ ಬಿರುಕಿದೆ.

ಚಾಂಟರ್: ರೀಡ್ ತೆಗೆದು ಎಲ್ಲ ತೂತು ಬೆರಳಿನಿಂದ ಮುಚ್ಚಿ, ಬುಡ ತೊಡೆಗೆ ಒತ್ತಿ, ಮೇಲ್ಬಾಯಿಯಿಂದ ಗಾಳಿ ಹೀರಿ. ತುಟಿ ಕಚ್ಚಿಕೊಂಡು ನಿಲ್ಲಬೇಕು. ಕೀಲಿಗಳಿದ್ದರೆ ಅವುಗಳ ಚರ್ಮದ ಪ್ಯಾಡ್ ಒಣಗಿ ಸೋರುವುದು ತೀರಾ ಸಾಮಾನ್ಯ. ರೀಡನ್ನು ಮಾತ್ರ ಬಾಯಿಂದ ಊದಬೇಡಿ, ಹೀರಲೂ ಬೇಡಿ. ಈ ವಾದ್ಯದ ರೀಡ್ ಒಣಗಾಳಿಗೆಂದೇ ಕೆತ್ತಿದ್ದು. ಉಸಿರಿನ ತೇವ ತಗುಲಿದರೆ ರೀಡಿನ ತುಟಿ, ಅಂದರೆ ಗಾಳಿ ನುಗ್ಗುವ ತುದಿ, ಉಬ್ಬಿ ಆಕಾರ ಕೆಡುತ್ತದೆ. ಓಲಗದವರು ಪೀಪಿಯನ್ನು ಬಾಯಲ್ಲಿ ನೆನೆಸಿ ಹದ ಮಾಡಿಕೊಳ್ಳುವುದನ್ನು ಕಂಡವರಿಗೆ ಇಲ್ಲೂ ಹಾಗೇ ಮಾಡಬೇಕು ಅನ್ನಿಸಬಹುದು; ಇಲ್ಲಿನ ಪದ್ಧತಿ ಅದಕ್ಕೆ ನೇರ ವಿರುದ್ಧ.

ಒಂದು ಮುಖ್ಯ ಪ್ರಶ್ನೆ: ಗರಗರ ಬರುವುದು ಯಾವ ಕ್ಷಣದಲ್ಲಿ? ತಿದಿ ತೆರೆಯಲು ಬಲಗೈ ಮೊಣಕೈ ಎತ್ತುವಾಗಲೋ, ತಿದಿ ಒತ್ತುವಾಗಲೋ?

ಹೊಸಕೈ

ನೀವು ಕೇಳಿದ ಮೇಲೆ ಗಮನಿಸಿದೆ. ತಿದಿ ತೆರೆಯುವಾಗಲೇ. ತಾರಸ್ಥಾಯಿ ಬೀಳುವುದೂ ಅದೇ ಕ್ಷಣದಲ್ಲಿ. ಚೀಲದ ಪರೀಕ್ಷೆ ಮಾಡಿದೆ, ಎಂಟು ಹತ್ತು ಸೆಕೆಂಡಿಗೆ ಕೈ ಕುಸಿಯಿತು. ಹೊಲಿಗೆಯಲ್ಲಿ ಗಾಳಿ ಗೊತ್ತಾಗಲಿಲ್ಲ. ಹೀರುವ ಪರೀಕ್ಷೆಯಲ್ಲಿ ಚಾಂಟರ್ ಪಾಸ್.

ತಿದಿಯೂರು

ಹಾಗಾದರೆ ನೂರಕ್ಕೆ ತೊಂಬತ್ತು ಪಾಲು ಚೀಲಕ್ಕೆ ಗಾಳಿ ಹೋಗುವ ದಾರಿಯ ಒಮ್ಮುಖ ವಾಲ್ವ್. ತಿದಿಯ ನಳಿಗೆ ಚೀಲ ಸೇರುವ ಕಡೆ, ಕೊಳವೆಯ ತುದಿಯಲ್ಲಿ ಚರ್ಮದ ಸಣ್ಣ ಎಲೆ ಕಟ್ಟಿರುತ್ತಾರೆ. ಒಳಗೆ ಗಾಳಿ ಬಿಡಬೇಕು, ವಾಪಸು ಬಿಡಬಾರದು. ಅದು ಒಣಗಿ ಸುರುಳಿ ಸುತ್ತಿಕೊಂಡರೆ, ತಿದಿ ತೆರೆದ ಕೂಡಲೇ ಚೀಲದ ಗಾಳಿ ಹಿಂದಕ್ಕೆ ತಿದಿಗೇ ಓಡುತ್ತದೆ. ಒತ್ತಡ ಕುಸಿಯುತ್ತದೆ, ಕೆಳಗಿನ ಡಿ ಒಡೆಯುತ್ತದೆ. ಮೇಲಿನ ಇ ನಿಲ್ಲಲು ಇನ್ನೂ ಹೆಚ್ಚು ಒತ್ತಡ ಬೇಕಾದ್ದರಿಂದ ಅದು ಇನ್ನೂ ಬೇಗ ಬೀಳುತ್ತದೆ.

ನಳಿಗೆ ಬಿಡಿಸಿ, ಚೀಲ ತುಂಬಿದ ಸ್ಥಿತಿಯಲ್ಲಿ ಆ ಬಾಯಿಗೆ ಕಿವಿಯಿಡಿ. ಸುಯ್ ಅನ್ನುವ ಸದ್ದು ಕೇಳಿದರೆ ಅದೇ. ಕೊಳವೆ ಹೊರಗೆ ತೆಗೆದು ಎಲೆಯನ್ನು ಹಗುರವಾಗಿ ಮಡಚಿ ನೋಡಿ. ಗಟ್ಟಿಯಾಗಿದ್ದರೆ ಚರ್ಮ ಮೆದು ಮಾಡುವ ನೀಟ್ಸ್‌ಫುಟ್ ಎಣ್ಣೆಯ ಒಂದು ಹನಿ ಬೆರಳಿಗೆ ಹಚ್ಚಿಕೊಂಡು ಸವರಿ, ಒಂದು ರಾತ್ರಿ ಚಪ್ಪಟೆಯಾಗಿ ಒತ್ತಿಡಿ. ಸುರುಳಿ ಬಿಡದಿದ್ದರೆ ಹೊಸದೇ ಬೇಕು: ಒಂದು ಮಿಲಿಮೀಟರಿಗಿಂತ ದಪ್ಪವಿಲ್ಲದ ಮೃದು ಚರ್ಮ, ಕೊಳವೆಯ ಬಾಯಿಗಿಂತ ಸುತ್ತಲೂ ಎರಡು ಮೂರು ಮಿಲಿಮೀಟರ್ ದೊಡ್ಡದಾಗಿ ಕತ್ತರಿಸಿ, ಒಂದು ಬಾಲ ಬಿಟ್ಟು, ಆ ಬಾಲವನ್ನು ಮೇಣ ಹಚ್ಚಿದ ದಾರದಿಂದ ಕೊಳವೆಗೆ ಸುತ್ತಿ ಕಟ್ಟಿ. ಬಾಲದ ಬುಡ ಸಲೀಸಾಗಿ ಬಾಗಬೇಕು, ಇಲ್ಲದಿದ್ದರೆ ಎಲೆ ಅರ್ಧ ತೆರೆದೇ ನಿಲ್ಲುತ್ತದೆ.

ಕೊಳವೆ ವಾಪಸು ಕೂರಿಸುವಾಗ ಕೀಲಿನ ಹೆಂಪ್ ದಾರ ನೋಡಿ. ಸಡಿಲವಾಗಿದ್ದರೆ ಮೇಲೆ ನಾಲ್ಕೈದು ಸುತ್ತು ಸುತ್ತಿ ಜೇನುಮೇಣ ಹಚ್ಚಿ. ತಿರುಗಿಸಿ ಕೂರಿಸಿದಾಗ ಬಿಗಿಯಾಗಿ ಕೂರಬೇಕು, ಬಲ ಹಾಕಿ ತುರುಕಬಾರದು. ಹಾಗೆ ತುರುಕಿ ಸ್ಟಾಕ್ ಸೀಳಿಹೋಗುವುದು ಉಂಟು.

ಜೊಂಡುಕಡ್ಡಿ

ತಿದಿಯೂರು ಅವರ ಮಾತು ಸರಿ, ಆದರೆ ವಾಲ್ವ್ ಕೆಟ್ಟರೆ ಹಿಂದಿನ ಡಿ ಇಳಿಯುವುದಿಲ್ಲ. ಒತ್ತಿದಷ್ಟೂ ಆ ಸ್ವರ ಕೆಳಗೆ ಹೋಗುತ್ತಿದೆ ಅಂದರೆ ಅದು ರೀಡಿನದೇ ಲಕ್ಷಣ. ರೀಡಿನ ತುಟಿ ಮುಚ್ಚಿಕೊಂಡು ಬಲ ಕಳೆದುಕೊಂಡಿದೆ. ಕಾರಣ ಚಳಿಗಾಲದ ಹೀಟರ್. ಹೊರಗೆ ಮಳೆ ಸುರಿಯುತ್ತಿದ್ದರೂ ಡಬ್ಲಿನ್ ಮನೆಗಳ ಒಳಗೆ ಹೀಟರ್ ಹಾಕಿದಾಗ ಗಾಳಿ ಒಣಗುತ್ತದೆ. ರೀಡ್ ಮಾಡುವುದು ಅರುಂಡೋ ಡೋನಾಕ್ಸ್ ಎಂಬ ದೊಡ್ಡ ಜೊಂಡಿನಿಂದ. ಒಣಗಿದರೆ ಸಾಮಾನ್ಯವಾಗಿ ತುಟಿ ಮುಚ್ಚಿಕೊಂಡು ರೀಡ್ ಸಡಿಲಾಗುತ್ತದೆ, ತೇವ ಹೆಚ್ಚಾದರೆ ತುಟಿ ತೆರೆದು ರೀಡ್ ಬಿರುಸಾಗುತ್ತದೆ.

ಹಾಗಾಗಿ ಬ್ರೈಡಲ್‌ಗೂ ಮೊದಲು ತೇವಾಂಶ ಅಳೆಯುವ ಹೈಗ್ರೋಮೀಟರ್. ಸೆಟ್ ಇರುವ ಪೆಟ್ಟಿಗೆಯಲ್ಲಿ ಶೇ. 45ರಿಂದ 60ರ ನಡುವೆ ತೇವಾಂಶ ಇರಲಿ. ಶೇ. 30ರ ಹತ್ತಿರ ಇದ್ದರೆ, ವಯಲಿನ್ ಪೆಟ್ಟಿಗೆಗಳಲ್ಲಿ ಇಡುವ ಶೇ. 49ರ ತೇವಾಂಶ ಪೊಟ್ಟಣ ಒಂದು ಹಾಕಿ ಮೂರು ದಿನ ಮುಚ್ಚಿಡಿ. ಆಮೇಲೆ ಬಾರಿಸಿ ನೋಡಿ. ಹಿಂದಿನ ಡಿ ತಾನಾಗಿಯೇ ಮೇಲಕ್ಕೆ ಬಂದರೆ ಅಲ್ಲಿಗೆ ನಿಲ್ಲಿಸಿ.

ಬರಲಿಲ್ಲ ಅಂದರೆ ಬ್ರೈಡಲ್. ರೀಡಿನ ಸೊಂಟಕ್ಕೆ ಸುತ್ತಿದ ತಾಮ್ರದ ಪಟ್ಟಿಯೇ ಬ್ರೈಡಲ್. ಅದನ್ನು ಅಗಲದ ಎರಡು ಮುಖಗಳ ಮೇಲೆ ಒತ್ತಿದರೆ ತುಟಿ ಮುಚ್ಚುತ್ತದೆ. ಎರಡು ಬದಿಯ ಅಂಚುಗಳಲ್ಲಿ ಹಿಂಡಿದರೆ ತೆರೆಯುತ್ತದೆ. ನಿಮಗೆ ಬೇಕಾದ್ದು ಎರಡನೆಯದು. ಮೊದಲು ಪಟ್ಟಿ ಎಲ್ಲಿದೆ ಅಂತ ಪೆನ್ಸಿಲಿನಿಂದ ಗೆರೆ ಎಳೆದುಕೊಳ್ಳಿ. ತುಟಿಯನ್ನು ಬೆಳಕಿಗೆ ಹಿಡಿದು ಫೋಟೊ ತೆಗೆದಿಡಿ, ಹಳೆಯ ಸ್ಥಿತಿಗೆ ಮರಳಲು ಅದೊಂದೇ ದಾರಿ. ಸಣ್ಣ ಇಕ್ಕಳ ಬೇಡ, ಬೆರಳ ತುದಿಯಲ್ಲೇ ಹಿಂಡಿ. ಹಿಂಡಿದ್ದು ಕಣ್ಣಿಗೆ ಕಾಣಿಸಿತು ಅಂದರೆ ಅದು ಆಗಲೇ ಹೆಚ್ಚಾಯಿತು. ವಾಪಸು ಹಾಕಿ ಐದು ನಿಮಿಷ ಬಾರಿಸಿ. ಸಾಲದಿದ್ದರೆ ಮಾರನೆಯ ದಿನ ಇನ್ನೊಂದು ಚೂರು. ಒಂದೇ ದಿನ ಮೂರು ಸಲ ಹಿಂಡಿದರೆ ಯಾವ ಹಿಂಡುವಿಕೆಯಿಂದ ಏನಾಯಿತು ಅಂತ ತಿಳಿಯುವುದಿಲ್ಲ.

ಚಾಕುವಿನಿಂದ ಹೆರೆಯುವುದು, ಪಾಲಿಶ್ ಪೇಪರ್ ಉಜ್ಜುವುದು ಇಬ್ಬರ ಮಾತು ಕೇಳಿ ಮಾಡುವ ಕೆಲಸ ಅಲ್ಲ. ಹೆರೆದದ್ದು ವಾಪಸು ಬರುವುದಿಲ್ಲ. ಈಗಾಗಲೇ ಬಲ ಕುಂದಿದ ರೀಡನ್ನು ಹೆರೆದರೆ ಹಿಂದಿನ ಡಿ ಇನ್ನೂ ಕುಸಿಯುತ್ತದೆ.

ಶ್ರುತಿಸಂಗಡ

ಇದಕ್ಕೆ ಸೇರಿಸುತ್ತೇನೆ. ಶ್ರುತಿ ಸರಿಯಿಲ್ಲ ಎಂಬ ದೂರಿನಲ್ಲಿ ಎರಡು ಬಗೆ ಬೆರೆತಿರುತ್ತದೆ. ಒತ್ತಡದ ಜೊತೆ ಅಲುಗಾಡುವುದು ಒಂದು, ಎಂದಿಗೂ ಒಂದೇ ಕಡೆ ತಪ್ಪಿ ನಿಲ್ಲುವುದು ಇನ್ನೊಂದು. ಎರಡನೆಯದಕ್ಕೆ ಮದ್ದು ರೀಡ್ ಕೂರುವ ಆಳ. ರೀಡ್ ಒಳಕ್ಕೆ ತಳ್ಳಿದರೆ ಎಲ್ಲ ಸ್ವರ ಏರುತ್ತವೆ, ಆದರೆ ಮೇಲುಗೈಯ ಸ್ವರಗಳು, ಅದರಲ್ಲೂ ಹಿಂದಿನ ಡಿ, ಕೆಳಗಿನ ಡಿಗಿಂತ ಹೆಚ್ಚು ಏರುತ್ತದೆ. ಹಾಗಾಗಿ ಕೆಳಗಿನ ಡಿ ಸರಿಯಿದ್ದು ಹಿಂದಿನದು ತಗ್ಗಿದ್ದರೆ ರೀಡ್ ಸ್ವಲ್ಪ ಒಳಗೆ. ಹಿಂದಿನದು ಏರಿದ್ದರೆ ಸ್ಟೇಪಲ್ (ರೀಡಿನ ಕೆಳಗಿನ ಸಣ್ಣ ಕೊಳವೆ) ಬುಡಕ್ಕೆ ದಾರದ ಒಂದು ಸುತ್ತು ಹೆಚ್ಚಿಸಿ ಸ್ವಲ್ಪ ಹೊರಗೆ. ಅರ್ಧ ಮಿಲಿಮೀಟರ್ ಸಾಕು, ವ್ಯತ್ಯಾಸ ಕಿವಿಗೆ ಕೇಳುತ್ತದೆ. ಒಂದೇ ಒಂದು ಸ್ವರ ಏರಿದ್ದರೆ ಆ ತೂತಿನ ಮೇಲಂಚಿಗೆ ಟೇಪಿನ ಸಣ್ಣ ತುಂಡು.

ರಷ್ ಅಂತಲೂ ಕೇಳಿರುತ್ತೀರಿ. ಹಿಂದೆ ಚಾಂಟರ್ ಒಳಗೆ ಜೌಗಿನ ಹುಲ್ಲಿನ ಕಡ್ಡಿ ಇಡುತ್ತಿದ್ದರು, ಹೆಸರು ಅಲ್ಲಿಂದ ಬಂತು. ಈಗ ಸಣ್ಣ ತಂತಿ. ಕೊಳವೆಯ ಒಳಜಾಗ ಕಡಿಮೆಯಾಗಿ ಕೆಲವು ಸ್ವರ ಇಳಿಯುತ್ತವೆ. ಕಲಿಯುವ ಹಂತದಲ್ಲಿ ಅದಕ್ಕೆ ಕೈ ಹಾಕಬೇಡಿ.

ಟ್ಯೂನರ್ ಬಗ್ಗೆ ಒಂದು ಮಾತು. ಚಾಂಟರ್ ಪಿಯಾನೊ ಶ್ರುತಿಗೆ ಕೊರೆದದ್ದಲ್ಲ, ಡ್ರೋನಿಗೆ ಕೊರೆದದ್ದು. ಡಿ ಷಡ್ಜ ಅಂದುಕೊಂಡರೆ ಎಫ್ ಶಾರ್ಪ್ ನಮ್ಮ ಅಂತರ ಗಾಂಧಾರ. ಅದು ಟ್ಯೂನರಿನ ಗೆರೆಗಿಂತ ಸುಮಾರು 14 ಸೆಂಟ್ ಕೆಳಗಿರಬೇಕು. ಬಿ, ಅಂದರೆ ಚತುಶ್ರುತಿ ಧೈವತ, ಸುಮಾರು 16 ಸೆಂಟ್ ಕೆಳಗೆ. ಎ (ಪಂಚಮ) 2 ಸೆಂಟ್ ಮೇಲೆ. ತಂಬೂರಿ ಕೇಳಿ ಬೆಳೆದ ಕಿವಿಗೆ ಇದು ಕೂಡಲೇ ಹಿಡಿಸುತ್ತದೆ. ಟ್ಯೂನರಿನ ಹಸಿರು ದೀಪ ನೋಡಿ ಎಫ್ ಶಾರ್ಪ್ ಏರಿಸಲು ಹೋದವರು ಡ್ರೋನ್ ಹಾಕಿದ ದಿನ ಎಲ್ಲವನ್ನೂ ಮತ್ತೆ ಇಳಿಸಬೇಕಾಗುತ್ತದೆ. ಶ್ರುತಿಪೆಟ್ಟಿಗೆ ಅಥವಾ ತಂಬೂರಿ ಆ್ಯಪ್ ಡಿ-ಎಗೆ ಇಟ್ಟುಕೊಂಡು ನಿಧಾನವಾಗಿ ಸ್ವರ ಹಿಡಿಯಿರಿ, ಬೀಟ್ (ಎರಡು ಸ್ವರ ಹೊಂದದಾಗ ಕೇಳುವ ನಡುಕ) ನಿಲ್ಲುವ ಜಾಗವೇ ಸರಿಯಾದ ಜಾಗ.

ಸಿ ಶಾರ್ಪ್ ಹಿಡಿದರೆ ಈ ಚಾಂಟರಿನ ಸ್ವರಗಳು ಶಂಕರಾಭರಣ, ಸಿ ನ್ಯಾಚುರಲ್ ಹಿಡಿದರೆ ಹರಿಕಾಂಭೋಜಿ. ಆದರೆ ಪೈಪರುಗಳ ಸಿ ಅನೇಕ ಸಲ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ, ಅದನ್ನು ತಪ್ಪು ಅಂತ ತಿದ್ದಬೇಡಿ. ಹಳೆಯ ಧ್ವನಿಮುದ್ರಣಗಳ ಸೊಗಸಿನಲ್ಲಿ ಆ ಸಿಗೆ ದೊಡ್ಡ ಪಾಲಿದೆ.

ಕ್ಲೇರ್‌ಕಡೆಯವ

ತಾರಸ್ಥಾಯಿ ಬಗ್ಗೆ ಇನ್ನೂ ಯಾರೂ ಕೈಯ ಕೆಲಸ ಹೇಳಿಲ್ಲ. ವಾಲ್ವ್ ಸರಿಯಾದರೂ ಇದು ಗೊತ್ತಿರಬೇಕು. ಎಲ್ಲ ತೂತು ಮುಚ್ಚಿ ಚಾಂಟರಿನ ಬುಡವನ್ನು ತೊಡೆಯ ಮೇಲಿನ ಚರ್ಮದ ಪಟ್ಟಿಗೆ ಒತ್ತಿದರೆ ಸದ್ದು ಪೂರ್ತಿ ನಿಲ್ಲುತ್ತದೆ. ಆ ಮೌನದ ಕ್ಷಣದಲ್ಲೇ ಚೀಲಕ್ಕೆ ಒಂದು ಚೂರು ಹೆಚ್ಚು ಒತ್ತು ಕೊಟ್ಟು, ಆಮೇಲೆ ಇ ಬೆರಳು ಎತ್ತಬೇಕು. ಬೆರಳು ಎತ್ತಿ ಆಮೇಲೆ ಒತ್ತುವುದು ಎಲ್ಲರ ಮೊದಲ ತಪ್ಪು. ಮತ್ತೆ ಹತ್ತಿದ ಮೇಲೆ ಒತ್ತು ಸಡಿಲಿಸಬಾರದು; ಮೇಲಿನ ಸ್ಥಾಯಿಯಲ್ಲಿ ಇರುವಷ್ಟು ಹೊತ್ತೂ ಅದೇ ಬಿಗಿ. ಕೆಳಗೆ ಇಳಿಯಬೇಕಾದಾಗ ಮಾತ್ರ ಬಿಡಿ.

ಒತ್ತಡ ಸಮನಾಗಿದೆಯೋ ಇಲ್ಲವೋ ಕಣ್ಣಿಗೆ ಕಾಣಬೇಕಾದರೆ ಎರಡು ಮೀಟರ್ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ ತನ್ನಿ. ಯು ಆಕಾರಕ್ಕೆ ಬಗ್ಗಿಸಿ ಹಲಗೆಗೆ ಕಟ್ಟಿ, ಬಣ್ಣದ ನೀರು ಅರ್ಧ ತುಂಬಿ, ಒಂದು ತುದಿಯನ್ನು ತೂತು ಕೊರೆದ ಬಿರಡೆಯ ಮೂಲಕ ಮೇನ್ ಸ್ಟಾಕಿನ ಬಾಯಿಗೆ ಸೇರಿಸಿ. ಎರಡು ಕಡೆಯ ನೀರಿನ ಮಟ್ಟದ ಅಂತರವೇ ಚೀಲದ ಒತ್ತಡ. ಎ ಸ್ವರ ಹಿಡಿದು ತಿದಿ ಆಡಿಸಿ: ತೆರೆಯುವಾಗ ಮತ್ತು ಮುಚ್ಚುವಾಗ ನೀರು ಎರಡು ಸೆಂಟಿಮೀಟರಿಗಿಂತ ಹೆಚ್ಚು ಜಿಗಿಯಬಾರದು. ಎಡಗೈ ಚೀಲ ಒತ್ತುತ್ತಲೇ ಇರಬೇಕು. ಬಲಗೈ ತಿದಿ ಒತ್ತುವಾಗ ಎಡಗೈ ಆ ಪ್ರಮಾಣಕ್ಕೆ ಸಡಿಲ, ತಿದಿ ತೆರೆಯುವಾಗ ಬಿಗಿ. ಹತ್ತು ನಿಮಿಷದಂತೆ ಎರಡು ವಾರ ಇದನ್ನೇ ಮಾಡಿ, ರಾಗ ಕಾಯಲಿ.

ಓದುಗ_ಹಾಸನ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಕಾನ್ಸರ್ಟ್ ಪಿಚ್, ಫ್ಲ್ಯಾಟ್ ಸೆಟ್ ಅಂತ ಎರಡು ಹೇಳುತ್ತಾರಲ್ಲ, ಈಗಿನ ಕಾಲಕ್ಕೆ ಯಾವುದು ಕಲಿಯಬೇಕು?

ಕ್ಲೇರ್‌ಕಡೆಯವ

ನಾಲ್ಕು ಜನರ ಜೊತೆ ಪಬ್ಬಿನ ಸೆಷನ್‌ನಲ್ಲಿ ಕೂತು ನುಡಿಸಬೇಕಾದರೆ ಕಾನ್ಸರ್ಟ್ ಡಿ. ಫಿಡಲ್, ಕೊಳಲು, ಅಕಾರ್ಡಿಯನ್ ಎಲ್ಲ ಅಲ್ಲಿಗೇ ಹೊಂದುತ್ತವೆ. ಡ್ರೊಘೆಡಾ ಕಡೆಯಿಂದ ಅಮೆರಿಕಕ್ಕೆ ಹೋದ ಟೇಲರ್ ಸೋದರರು 19ನೇ ಶತಮಾನದ ಕೊನೆಯ ಭಾಗದಲ್ಲಿ ಫಿಲಡೆಲ್ಫಿಯಾದಲ್ಲಿ ಒಳಕೊಳವೆ ಅಗಲ ಮಾಡಿ ಸಭಾಂಗಣಕ್ಕೆ ಕೇಳುವಂಥ ಜೋರು ಸೆಟ್ ಕಟ್ಟಿದರು. ಇವತ್ತಿನ ಕಾನ್ಸರ್ಟ್ ಡಿಗೆ ಮೂಲ ಅದು. ಫ್ಲ್ಯಾಟ್ ಸೆಟ್ ಅಂದರೆ ಸಿ ಶಾರ್ಪ್, ಸಿ, ಬಿ, ಬಿ ಫ್ಲ್ಯಾಟ್. ಕೊಳವೆ ಕಿರಿದು, ದನಿ ಮೆದು, ಒತ್ತಡ ಕಡಿಮೆ ಸಾಕು. ಕೊಯ್ನ್, ಕೆನ್ನಾ, ಹ್ಯಾರಿಂಗ್ಟನ್ ಮುಂತಾದ ಹಳೆಯ ಕುಶಲಕರ್ಮಿಗಳ ಸೆಟ್‌ಗಳನ್ನು ಅಳೆದು ಈಗಿನವರು ಮಾಡುತ್ತಾರೆ. ಹೆಸರಾಂತ ಪೈಪರ್ ಶೇಮಸ್ ಎನಿಸ್ ಬಾರಿಸುತ್ತಿದ್ದ ಕೊಯ್ನ್ ಸೆಟ್ ಅವರ ನಂತರ ಇನ್ನೊಬ್ಬ ಪೈಪರ್ ಲಿಯಮ್ ಓಫ್ಲಿನ್ ಕೈಸೇರಿತು. ಒಬ್ಬರೇ ಕೂತು ನುಡಿಸಲು ಬಿ ಸೆಟ್‌ಗೆ ಸಮನಾದದ್ದು ಇಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಬೆರಳಿನ ಅಂತರ ಹೆಚ್ಚು ಅನ್ನುವುದು ಒಂದೇ ಕಷ್ಟ. ಮೊದಲ ಸೆಟ್ ಡಿ ಆಗಿರಲಿ, ಗುರುಗಳೂ ಬಿಡಿಭಾಗಗಳೂ ರೀಡುಗಳೂ ಅದಕ್ಕೆ ಸಿಗುತ್ತವೆ.

ಕೈಯ ಶೈಲಿಯಲ್ಲೂ ಎರಡು ಬಗೆ. ಮುಚ್ಚಿದ ಶೈಲಿಯಲ್ಲಿ ಒಂದೋ ಎರಡೋ ಬೆರಳು ಮಾತ್ರ ಎದ್ದು ಕೂಡಲೇ ಮುಚ್ಚುತ್ತದೆ, ಸ್ವರಗಳ ನಡುವೆ ಕೂದಲೆಳೆಯಷ್ಟು ಮೌನ ಉಳಿಯುತ್ತದೆ. ಹಳೆಯ ಪೈಪರ್ ಪ್ಯಾಟ್ಸಿ ಟೂಹಿ ಅವರ ಧ್ವನಿಮುದ್ರಣ ಕೇಳಿ. ತೆರೆದ ಶೈಲಿಯಲ್ಲಿ ಸ್ವರ ಒಂದಕ್ಕೊಂದು ಹರಿಯುತ್ತದೆ. 1947ರಲ್ಲಿ ಮುದ್ರಿಸಿಕೊಂಡ ಜಾನಿ ಡೊರನ್ ಅವರದನ್ನು ಕೇಳಿದರೆ, ತೆರೆದ ಹರಿವಿನ ಮಧ್ಯೆ ಮುಚ್ಚಿದ ತ್ರಿವಳಿ ಸ್ವರಗಳು ಹೇಗೆ ಸಿಡಿಯುತ್ತವೆ ಅಂತ ತಿಳಿಯುತ್ತದೆ. ಮೊದಲು ಮುಚ್ಚಿದ್ದು ಕಲಿಯಿರಿ. ಮುಚ್ಚಿದ ಕೈಯನ್ನು ಆಮೇಲೆ ತೆರೆಯಬಹುದು, ತೆರೆದ ಕೈಯನ್ನು ಮುಚ್ಚಲು ವರ್ಷ ಹಿಡಿಯುತ್ತದೆ.

ತಿದಿಯೂರು

ಹಾಸನದವರೇ, ಕೊಳ್ಳುವ ಯೋಚನೆ ಇದ್ದರೆ ಅಂತರ್ಜಾಲದ ಅಂಗಡಿಗಳಲ್ಲಿ ಅಗ್ಗಕ್ಕೆ ತೋರಿಸುವ ಹೊಳೆಯುವ ಫುಲ್ ಸೆಟ್‌ಗಳ ಕಡೆ ದಯವಿಟ್ಟು ಹೋಗಬೇಡಿ. ಚಾಂಟರಿನ ಒಳಕೊಳವೆ ಮೇಲಿಂದ ಕೆಳಗೆ ನಿಧಾನವಾಗಿ ಅಗಲವಾಗುವ ಶಂಕುವಿನಾಕಾರ. ಆ ಇಳಿಜಾರು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ತಪ್ಪಿದರೂ ಎರಡು ಸ್ಥಾಯಿ ಒಂದಕ್ಕೊಂದು ಹೊಂದುವುದಿಲ್ಲ. ಯಾವ ರೀಡ್ ಹಾಕಿದರೂ ಅದು ರಿಪೇರಿಯಾಗುವುದಿಲ್ಲ. ಒಳ್ಳೆಯ ಕುಶಲಕರ್ಮಿಯ ಪ್ರ್ಯಾಕ್ಟೀಸ್ ಸೆಟ್ ತೆಗೆದುಕೊಂಡು ಮುಂದೆ ಅದೇ ಮೇನ್ ಸ್ಟಾಕಿಗೆ ಮೂರು ಡ್ರೋನ್ ಸೇರಿಸಿ ಹಾಫ್ ಸೆಟ್, ಮೂರು ರೆಗ್ಯುಲೇಟರ್ ಸೇರಿಸಿ ಫುಲ್ ಸೆಟ್ ಮಾಡಿಸಬಹುದು. ಕಾಯುವ ಸರದಿ ವರ್ಷಗಟ್ಟಲೆ ಇರುತ್ತದೆ. ಐರ್ಲೆಂಡಿನಲ್ಲಿ ಇರುವವರಿಗೆ ಡಬ್ಲಿನ್ನಿನ ಹೆನ್ರಿಯೆಟಾ ಸ್ಟ್ರೀಟ್‌ನಲ್ಲಿರುವ ಪೈಪರುಗಳ ಸಂಘ ‘ನಾ ಪೀಬರಿ ಇಲ್ಲನ್’ ಕಲಿಕೆಯ ಸೆಟ್‌ಗಳನ್ನು ಎರವಲು ಕೊಡುವ ಏರ್ಪಾಡು ನಡೆಸುತ್ತದೆ. 1968ರಲ್ಲಿ ಆ ಸಂಘ ಹುಟ್ಟಿದಾಗ ಈ ವಾದ್ಯ ಬೆರಳೆಣಿಕೆಯ ಹಿರಿಯರ ಕೈಯಲ್ಲಿ ಉಸಿರಾಡುತ್ತಿತ್ತು. 2017ರಲ್ಲಿ ಈ ವಾದನ ಕಲೆ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರುವ ಹೊತ್ತಿಗೆ ರೀಡ್ ಮಾಡುವುದನ್ನೂ ಕಲಿಸುವ ತರಗತಿಗಳು ಬೆಳೆದಿದ್ದವು. ಜುಲೈ ತಿಂಗಳಲ್ಲಿ ಕ್ಲೇರ್ ಕೌಂಟಿಯ ಮಿಲ್‌ಟೌನ್ ಮಾಲ್ಬೆಯಲ್ಲಿ ವಿಲ್ಲೀ ಕ್ಲ್ಯಾನ್ಸಿ ಬೇಸಿಗೆ ಶಾಲೆ ನಡೆಯುತ್ತದೆ, 1973ರಿಂದ. ರೀಡ್ ಕೆಲಸ ಕೈಯಿಂದ ಕೈಗೆ ನೋಡಿ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ತಿಳಿದಿಲ್ಲ.

ಜೊಂಡುಕಡ್ಡಿ

ಮೈಸೂರು ಪ್ರಯಾಣದ ಪ್ರಶ್ನೆ ಉಳಿದಿದೆ.

ಮೊದಲು ಮರ. ಹೆಚ್ಚಿನ ಸೆಟ್‌ಗಳು ಆಫ್ರಿಕನ್ ಬ್ಲ್ಯಾಕ್‌ವುಡ್, ನಮ್ಮ ಬೀಟೆ ಮರದ ಕುಲದ್ದೇ. ಆ ಕುಲವನ್ನೆಲ್ಲ 2017ರ ಜನವರಿಯಲ್ಲಿ ಸೈಟಿಸ್ (ಅಳಿವಿನಂಚಿನ ಸಸ್ಯ, ಪ್ರಾಣಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಪಟ್ಟಿಗೆ ತಂದರು. 2019ರ ನವೆಂಬರ್‌ನಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಇದೆ, ಹಾಗಾಗಿ ಬ್ಲ್ಯಾಕ್‌ವುಡ್ ಸಮಸ್ಯೆಯಲ್ಲ. ಆದರೆ ಹಳೆಯ ಸೆಟ್‌ಗಳ ಉಂಗುರಗಳಲ್ಲಿ ಆನೆದಂತ ಇರುತ್ತದೆ. ದಂತ ಇದ್ದರೆ ಗಡಿ ದಾಟಿಸಲೇಬೇಡಿ. ನಿಮ್ಮದರ ಉಂಗುರ ಯಾವುದರದ್ದು ಅಂತ ಮಾಡಿದವರಿಂದ ಬರೆಸಿಕೊಂಡು ಪೆಟ್ಟಿಗೆಯಲ್ಲಿಡಿ.

ವಿಮಾನದಲ್ಲಿ ಕೈಚೀಲದಲ್ಲೇ ತನ್ನಿ. ರೀಡ್ ಚಾಂಟರಿನಲ್ಲೇ ಇರಲಿ, ಮೇಲಿನ ಮುಚ್ಚಳ ಹಾಕಿ, ಇಡೀ ಚಾಂಟರನ್ನು ಜಿಪ್ ಕವರಿನಲ್ಲಿ ಅದೇ ಶೇ. 49ರ ಪೊಟ್ಟಣದ ಜೊತೆ ಹಾಕಿ. ಏಪ್ರಿಲ್‌ನ ಮೈಸೂರು ಮಧ್ಯಾಹ್ನಕ್ಕೆ ಒಣಗುತ್ತದೆ, ಮಳೆ ಬಿದ್ದ ಸಂಜೆ ತೇವ ಏರುತ್ತದೆ. ದಿನಕ್ಕೆ ಎರಡು ಸಲ ರೀಡ್ ಸ್ವಭಾವ ಬದಲಿಸುತ್ತದೆ. ಬಂದ ಮೊದಲ ನಾಲ್ಕು ದಿನ ಬ್ರೈಡಲ್ ಮುಟ್ಟದೆ ಬೆಳಗಿನ ಹೊತ್ತು ಮಾತ್ರ ಬಾರಿಸಿ. ಫ್ಯಾನ್ ಕೆಳಗೆ ತೆರೆದಿಡಬೇಡಿ, ಕಾರಿನಲ್ಲಿ ಬಿಡಲೇಬೇಡಿ. ಜೂನ್‌ನಲ್ಲಿ ಮಂಗಳೂರು ಕಡೆ ಹೋಗುವುದಿದ್ದರೆ ಸೆಟ್ ಮೈಸೂರಲ್ಲೇ ಬಿಡಿ. ಅಲ್ಲಿನ ಮಳೆಗಾಲದ ತೇವಕ್ಕೆ ರೀಡ್ ಬಿರುಸಾಗಿ ಕೆಳಗಿನ ಡಿ ಹುಟ್ಟುವುದೇ ಕಷ್ಟ. ತಿದಿಯ ಚರ್ಮಕ್ಕೆ ಬೂಸ್ಟು ಹಿಡಿಯುವುದು ಬೇರೆ.

ಹೊಸಕೈ

ವಾಲ್ವ್ ಬಿಚ್ಚಿದೆ. ಎಲೆ ಬಾಳೆಎಲೆ ಒಣಗಿದಂತೆ ಅಂಚು ಸುರುಳಿ ಸುತ್ತಿತ್ತು. ಹೊಸದು ಕಟ್ಟಿದೆ. ಚೀಲ ಈಗ ಒಂದು ನಿಮಿಷ ನಿಲ್ಲುತ್ತದೆ, ಕೆಳಗಿನ ಡಿ ಒಡೆಯುತ್ತಿಲ್ಲ, ಮೇಲಿನ ಇ ನಿಲ್ಲುತ್ತದೆ. ಪೆಟ್ಟಿಗೆಯೊಳಗೆ ಶೇ. 33 ತೇವಾಂಶ ಇತ್ತು. ಪೊಟ್ಟಣ ಹಾಕಿ ಮೂರು ದಿನ ಆಯಿತು: ಹಿಂದಿನ ಡಿ ಈಗ 10 ಸೆಂಟ್ ಮಾತ್ರ ಇಳಿಯುತ್ತದೆ. ಬ್ರೈಡಲ್ ಮುಟ್ಟಿಲ್ಲ. ಈ 10 ಸೆಂಟಿಗೆ ಹಿಂಡಬೇಕೇ?

ಜೊಂಡುಕಡ್ಡಿ

ಬೇಡ. ಇನ್ನೊಂದು ವಾರ ಪೊಟ್ಟಣದ ಜೊತೆಗೇ ಇರಲಿ, ಜೊಂಡು ತೇವ ಹೀರಿಕೊಳ್ಳುವುದು ನಿಧಾನ. ಆಗಲೂ 10 ಸೆಂಟ್ ಉಳಿದರೆ ರೀಡನ್ನು ಅರ್ಧ ಮಿಲಿಮೀಟರ್ ಒಳಕ್ಕೆ ತಳ್ಳಿ ನೋಡಿ, ಹೇಗೂ ದಾರ ಬಿಚ್ಚಿ ಮತ್ತೆ ಸುತ್ತಬಹುದು.

ತಿದಿಯೂರು

ಹಳೆಯ ಎಲೆ ಬಿಸಾಡಬೇಡಿ, ಅದೇ ಅಳತೆಗೆ ಇನ್ನೆರಡು ಕತ್ತರಿಸಿ ಪೆಟ್ಟಿಗೆಯಲ್ಲಿಡಿ. ಜೊತೆಗೆ ಹೆಂಪ್ ದಾರದ ಒಂದು ಉಂಡೆ, ಜೇನುಮೇಣದ ಒಂದು ತುಂಡು. ಮೈಸೂರಿನಲ್ಲಿ ಜೇನುಮೇಣ ಸಿಗುತ್ತದೆ, ಆ ದಾರ ಹುಡುಕುವುದು ಕಷ್ಟ.